ಹೆಸರಿಗೆ ಮುಖ ಜೋಡಿಸುವ ಆ್ಯಪ್: ಎಂಟು ತಿಂಗಳ ಬಳಕೆಯ ನಂತರ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತ ಒಬ್ಬನ ಫೋನಿನಲ್ಲಿ ‘ಕೃಷ್ಣ ಭಟ್’ ಎಂಬ ಹೆಸರು ಎಷ್ಟು ಬಾರಿ ಇರಬಹುದೆಂದು ಹೊರಗಿನವರು ಊಹಿಸಲಾರರು. ನನ್ನ ಫೋನಿನಲ್ಲಿ ಒಂಬತ್ತು ಬಾರಿ ಇದೆ. ಅಬ್ದುಲ್ಲ ಆರು, ನಾರಾಯಣ ಐದು, ಶಾರದಕ್ಕ ನಾಲ್ಕು. ಇದಕ್ಕೆ ಊರಿನವರು ಕಂಡುಕೊಂಡ ಉಪಾಯ ಹಳೆಯದು. ಹೆಸರಿನ ಜೊತೆಗೆ ಮನೆಯ ಹೆಸರನ್ನೋ, ಕಸುಬನ್ನೋ, ವಾಹನವನ್ನೋ ಸೇರಿಸಿ ‘ಅಬ್ದುಲ್ಲ ಜೀಪು’, ‘ನಾರಾಯಣ ಅಡಿಕೆ’, ‘ಮಾಷ್ಟ್ರು ಪೆರ್ಲ’ ಎಂದು ಬರೆದುಕೊಳ್ಳುತ್ತಾರೆ. ನನಗೆ ಅಷ್ಟು ಸಾಕಿತ್ತು. ಸಾಲದಾದದ್ದು ನನ್ನ ತಾಯಿಗೆ. ಎರಡೂ ಕಣ್ಣುಗಳ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೂ ಅವರಿಗೆ ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ; ಮುಖವಾದರೆ ಕಾಣುತ್ತದೆ. ಕರೆ ಬಂದಾಗ ಪರದೆಯ ತುಂಬ ಕರೆ ಮಾಡಿದವರ ಮುಖ ಕಾಣಿಸಿದರೆ ಅವರ ಅರ್ಧ ತೊಂದರೆ ಮುಗಿಯುತ್ತದೆ ಎಂಬ ಎಣಿಕೆಯಿಂದ, ಸಾಮಾಜಿಕ ಜಾಲತಾಣಗಳಲ್ಲಿರುವ ಪ್ರೊಫೈಲ್ ಚಿತ್ರಗಳನ್ನು ತಾನಾಗಿ ತಂದು ಫೋನಿನ ಕಾಂಟ್ಯಾಕ್ಟ್‌ಗಳಿಗೆ ಅಂಟಿಸುವ ಒಂದು ಆ್ಯಪನ್ನು ನಮ್ಮಿಬ್ಬರ ಫೋನಿಗೂ ಹಾಕಿಕೊಂಡೆ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಬಗೆಯ ಆ್ಯಪ್‌ಗಳು ಹಲವು ಇವೆ, ಅವುಗಳ ಒಳಗಿನ ಕಷ್ಟವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೆಸರಿಗಿಂತ ಕೆಲಸದ ರೀತಿಯನ್ನು ನೋಡುವುದು ಉಪಯುಕ್ತ.

ಹಾಕಿಕೊಳ್ಳುವುದು ಸುಲಭವಾಗಿಯೇ ಆಯಿತು. ಉಚಿತ ಆವೃತ್ತಿಯಲ್ಲಿ ಐವತ್ತು ಕಾಂಟ್ಯಾಕ್ಟ್‌ಗಳ ಮಿತಿ ಇತ್ತು. ಅದರಾಚೆಗೆ ವರ್ಷಕ್ಕೆ 299 ರೂಪಾಯಿ ಚಂದಾ. ಆ್ಯಪ್‌ನ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಗಡಿನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೊಸತಲ್ಲ, ಆದ್ದರಿಂದ ಇದಕ್ಕಾಗಿ ಅಂಕ ಕಳೆಯಲು ಹೋಗುವುದಿಲ್ಲ. ಅಂಕ ಕಳೆಯಬೇಕಾದ ಜಾಗಗಳು ಬೇರೆ ಇವೆ.

ಮೊದಲ ಸುತ್ತಿನಲ್ಲಿ ಏಳುನೂರಕ್ಕೂ ಹೆಚ್ಚಿದ್ದ ನನ್ನ ಕಾಂಟ್ಯಾಕ್ಟ್‌ಗಳಲ್ಲಿ ಆ್ಯಪ್ ಮುಖ ಜೋಡಿಸಿದ್ದು ಇನ್ನೂರರ ಆಸುಪಾಸಿನಷ್ಟಕ್ಕೆ. ಜಾಹೀರಾತಿನಲ್ಲಿ ‘ಎಲ್ಲ ಸ್ನೇಹಿತರ ಚಿತ್ರ ಒಂದೇ ಕ್ಷಣದಲ್ಲಿ’ ಎಂಬ ಮಾತಿತ್ತು. ನಾನು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವವನಾದ್ದರಿಂದ ಆ ಮಾತು ಈ ಕಾಲದಲ್ಲಿ ಏಕೆ ಸಾಧ್ಯವಿಲ್ಲವೆಂಬುದು ಸ್ವಲ್ಪ ಮಟ್ಟಿಗೆ ಗೊತ್ತಿತ್ತು. ಫೇಸ್‌ಬುಕ್ ತನ್ನ ಮಾಹಿತಿಯನ್ನು ಹೊರಗಿನ ಆ್ಯಪ್‌ಗಳಿಗೆ ಕೊಡಲು ಗ್ರಾಫ್ ಎಪಿಐ ಎಂಬ ವ್ಯವಸ್ಥೆಯನ್ನು ಇಟ್ಟಿದೆ. ಅದರ ಮೊದಲ ಆವೃತ್ತಿ ಇದ್ದಾಗ, ನಾನು ಒಂದು ಆ್ಯಪ್‌ಗೆ ಲಾಗಿನ್ ಆದರೆ ನನ್ನ ಸ್ನೇಹಿತರ ಪಟ್ಟಿ ಇಡಿಯಾಗಿ ಅದಕ್ಕೆ ಸಿಗುತ್ತಿತ್ತು. ಪಟ್ಟಿ ಸಿಕ್ಕ ಮೇಲೆ ಚಿತ್ರಗಳನ್ನು ತರುವುದು ಮಕ್ಕಳಾಟ. 2014ರ ಏಪ್ರಿಲ್‌ನಲ್ಲಿ ಎರಡನೆಯ ಆವೃತ್ತಿ ಬಂತು, 2015ರ ಏಪ್ರಿಲ್ 30ಕ್ಕೆ ಮೊದಲನೆಯದು ಮುಚ್ಚಿತು. ಅಲ್ಲಿಂದ ಮುಂದೆ ಒಂದು ಆ್ಯಪ್‌ಗೆ ಕಾಣಿಸುವುದು ಅದೇ ಆ್ಯಪನ್ನು ಬಳಸುತ್ತಿರುವ, ಅನುಮತಿಯನ್ನೂ ಕೊಟ್ಟಿರುವ ಸ್ನೇಹಿತರು ಮಾತ್ರ. ಬಳಕೆದಾರನ ಗುರುತಿನ ಸಂಖ್ಯೆಯೂ ಒಂದೊಂದು ಆ್ಯಪ್‌ಗೆ ಒಂದೊಂದು ಆಯಿತು, ಹೀಗಾಗಿ ಒಂದು ಆ್ಯಪ್‌ನಲ್ಲಿ ಕಂಡ ಸಂಖ್ಯೆಯನ್ನು ಇನ್ನೊಂದಕ್ಕೆ ಒಯ್ದರೆ ಪ್ರಯೋಜನವಿಲ್ಲ. ಸಂಖ್ಯೆಯೊಂದು ಗೊತ್ತಿದ್ದರೆ ಸಾಕು, ಚಿತ್ರದ ವಿಳಾಸಕ್ಕೆ ಹೋಗಿ ನೋಡಬಹುದು ಎಂಬ ಕಿಂಡಿ ಮಾತ್ರ ಬಹುಕಾಲ ತೆರೆದಿತ್ತು; 2020ರ ಅಕ್ಟೋಬರ್‌ನಿಂದ ಅದಕ್ಕೂ ಟೋಕನ್ ಎಂಬ ರಹದಾರಿ ಕಡ್ಡಾಯವಾಯಿತು. ಬಾಗಿಲುಗಳು ಹೀಗೆ ಒಂದರ ಹಿಂದೆ ಒಂದು ಮುಚ್ಚಿಕೊಂಡ ಮೇಲೂ ಹಳೆಯ ಜಾಹೀರಾತಿನ ಮಾತನ್ನೇ ಹೇಳುತ್ತಿರುವುದು ಈ ಆ್ಯಪ್ ಮಾಡಿದ ಮೊದಲ ತಪ್ಪು.

ಹಾಗಿದ್ದರೆ ಇನ್ನೂರು ಮುಖಗಳು ಎಲ್ಲಿಂದ ಬಂದವು? ಒಂದಷ್ಟು ಗೂಗಲ್ ಖಾತೆಯಿಂದ, ಅಂದರೆ ಜಿಮೇಲ್‌ನಲ್ಲಿ ತಮ್ಮ ಚಿತ್ರವನ್ನು ತಾವೇ ಹಾಕಿಕೊಂಡವರದು. ಇವು ಚೆನ್ನಾಗಿದ್ದವು. ಇನ್ನೊಂದಷ್ಟು ಗ್ರಾವಟಾರ್‌ನಿಂದ. 2007ರಿಂದ ಆಟೊಮ್ಯಾಟಿಕ್ ಸಂಸ್ಥೆಯ ಕೈಯಲ್ಲಿರುವ ಈ ಸೇವೆಯಲ್ಲಿ ಮಿಂಚಂಚೆ ವಿಳಾಸವನ್ನು ಹ್ಯಾಷ್ ಎಂಬ ಗಣಿತಕ್ರಿಯೆಯಿಂದ ಒಂದು ಉದ್ದನೆಯ ಸಂಕೇತವಾಗಿ ಮಾರ್ಪಡಿಸಿ, ಆ ಸಂಕೇತವನ್ನು ಕೊಟ್ಟು ಚಿತ್ರ ಕೇಳುತ್ತಾರೆ. ಚಿತ್ರವನ್ನು ಅಲ್ಲಿ ಇಟ್ಟವನು ಅದರ ಮಾಲಿಕನೇ, ಎಲ್ಲರೂ ನೋಡಲಿ ಎಂದೇ ಇಟ್ಟದ್ದು. ಈ ಕಾರಣಕ್ಕೆ ನನಗೆ ಈ ವಿಧಾನದ ಮೇಲೆ ಗೌರವವಿದೆ. ಚಿತ್ರ ಇಲ್ಲದವರಿಗೆ ಗ್ರಾವಟಾರ್ ಆ ಸಂಕೇತದಿಂದಲೇ ತ್ರಿಕೋನ ಚೌಕಗಳ ಒಂದು ವಿನ್ಯಾಸವನ್ನು ಬಿಡಿಸಿ ಕೊಡಬಲ್ಲದು. ‘ಚಿತ್ರವಿಲ್ಲದಿದ್ದರೆ ಏನೂ ಬೇಡ’ ಎಂದು ಕೇಳುವ ಅನುಕೂಲವೂ ಆ ಸೇವೆಯಲ್ಲಿದೆ. ನಮ್ಮ ಆ್ಯಪ್ ಹಾಗೆ ಕೇಳಲಿಲ್ಲ. ಹೀಗಾಗಿ ಸಹಕಾರಿ ಬ್ಯಾಂಕಿನ ಕಾರ್ಯದರ್ಶಿಯವರು ಕರೆ ಮಾಡಿದಾಗ ತಾಯಿಯ ಫೋನಿನಲ್ಲಿ ನೇರಳೆ ಬಣ್ಣದ ರಂಗೋಲಿ ಮೂಡತೊಡಗಿತು. ಸ್ವಲ್ಪ ದಿನಗಳಲ್ಲಿ ತಾಯಿ ‘ರಂಗೋಲಿ ಬಂದರೆ ಬ್ಯಾಂಕು’ ಎಂದು ಗುರುತಿಟ್ಟುಕೊಂಡರು. ಆ್ಯಪ್‌ಗೆ ಇದರಲ್ಲಿ ಯಾವ ಶ್ರೇಯವೂ ಸಲ್ಲುವುದಿಲ್ಲ.

ಉಳಿದ ಮುಖಗಳು ಬಂದದ್ದು ಹೆಸರಿನ ಹುಡುಕಾಟದಿಂದ. ಎಲ್ಲರಿಗೂ ಕಾಣುವ ಪ್ರೊಫೈಲ್‌ಗಳಲ್ಲಿ ಹೆಸರು ಹುಡುಕಿ, ಹತ್ತಿರವೆನಿಸಿದ ಮುಖವನ್ನು ಆ್ಯಪ್ ತಾನೇ ಆರಿಸುತ್ತದೆ. ಈ ವ್ಯವಸ್ಥೆ ಬೇರೆಡೆ ಹೇಗೆ ನಡೆಯುತ್ತದೋ ಏನೋ, ಕಾಸರಗೋಡಿನಲ್ಲಿ ನಡೆಯುವುದಿಲ್ಲ. ಇಲ್ಲಿ ಒಬ್ಬನೇ ಮನುಷ್ಯನ ಹೆಸರು ಮೂರು ಲಿಪಿಗಳಲ್ಲಿ ಓಡಾಡುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಕನ್ನಡ, ಪಡಿತರ ಚೀಟಿಯಲ್ಲಿ ಮಲಯಾಳಂ, ಫೇಸ್‌ಬುಕ್ಕಿನಲ್ಲಿ ಇಂಗ್ಲಿಷ್. ಇಂಗ್ಲಿಷಿನಲ್ಲಿಯೂ ಮಂಗಳೂರಿನ ಕಾಲೇಜಿಗೆ ಹೋದವಳು ‘ಸವಿತ’ದ ತಕಾರಕ್ಕೆ ಒಂದು ‘ಟಿ’ ಸಾಕೆನ್ನುತ್ತಾಳೆ, ಕಣ್ಣೂರಿನ ಕಡೆ ಓದಿದವಳು ‘ಟಿ’ಯ ಮುಂದೆ ‘ಎಚ್’ ಸೇರಿಸಿಯೇ ಬರೆಯುತ್ತಾಳೆ. ಮನೆಯ ಹೆಸರನ್ನು ಕೆಲವರು ಮೊದಲಿಗೆ ಇನಿಶಿಯಲ್ ಮಾಡುತ್ತಾರೆ, ಕೆಲವರು ಕೊನೆಗೆ ಪೂರ್ತಿಯಾಗಿ ಬರೆಯುತ್ತಾರೆ.

ಲಿಪಿಯ ಒಳಗೂ ತೊಡಕುಗಳಿವೆ, ಇವನ್ನು ನಾನು ಒಂದು ಭಾನುವಾರ ಕುಳಿತು ಪರೀಕ್ಷಿಸಿದೆ. ಯೂನಿಕೋಡಿನಲ್ಲಿ ‘ಗೋ’ ಎಂಬ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿ ಚಿಹ್ನೆಗಳ ಸರಣಿಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಇವೆರಡನ್ನೂ ಸಮವೆಂದು ಎಣಿಸುವ ನಾರ್ಮಲೈಸೇಶನ್ ಎಂಬ ಕ್ರಮ ಯೂನಿಕೋಡಿನಲ್ಲಿಯೇ ಇದೆ, ಅದನ್ನು ಮಾಡಿದ ಮೇಲೆ ಹೋಲಿಸಬೇಕು. ನಾನು ‘ಗೋಪಾಲ’ ಎಂಬ ಎರಡು ಕಾಂಟ್ಯಾಕ್ಟ್‌ಗಳನ್ನು ಈ ಎರಡು ರೀತಿಯಲ್ಲಿ ಬರೆದು ನೋಡಿದಾಗ ಆ್ಯಪ್ ಅವರನ್ನು ಬೇರೆ ಬೇರೆ ಜನ ಎಂದು ಎಣಿಸಿತು. ಕೆಲವು ಕೀಲಿಮಣೆಗಳು ‘ರಾಜೇಶ್’ ಎಂಬಂಥ ಹೆಸರುಗಳ ಕೊನೆಗೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಬಿಟ್ಟುಹೋಗುತ್ತವೆ. ಅದಿದ್ದರೂ ಹೋಲಿಕೆ ತಪ್ಪುತ್ತದೆ. ಮಲಯಾಳಂನಲ್ಲಿ ಇನ್ನೂ ಸ್ವಾರಸ್ಯ. ‘ರಾಜನ್’ ಎಂಬ ಹೆಸರಿನ ಕೊನೆಯ ಅರ್ಧ ನಕಾರವನ್ನು ಅಲ್ಲಿ ಚಿಲ್ಲು ಎನ್ನುತ್ತಾರೆ. 2008ರಲ್ಲಿ ಯೂನಿಕೋಡ್ 5.1 ಬರುವವರೆಗೆ ಚಿಲ್ಲುಗಳಿಗೆ ಸ್ವಂತ ಸಂಕೇತ ಇರಲಿಲ್ಲ, ಮೂರು ಸಂಕೇತಗಳನ್ನು ಜೋಡಿಸಿ ಬರೆಯುತ್ತಿದ್ದರು. ಆಮೇಲೆ ಸ್ವಂತ ಸಂಕೇತ ಸಿಕ್ಕಿತು. ಹಳೆಯ ಫೋನಿನಿಂದ ಹೊಸ ಫೋನಿಗೆ ವರ್ಷಗಟ್ಟಲೆ ಸಾಗಿ ಬಂದ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಹಳೆಯ ರಾಜನ್, ಹೊಸ ರಾಜನ್ ಇಬ್ಬರೂ ಇರುತ್ತಾರೆ, ಮತ್ತು ಆ್ಯಪ್‌ನ ಕಣ್ಣಿನಲ್ಲಿ ಅವರಿಗೆ ಪರಸ್ಪರ ಪರಿಚಯವಿಲ್ಲ. ಭಾರತದ ಭಾಷೆಗಳ ಹೆಸರು ಹೇಳಿ ಚಂದಾ ಕೇಳುವ ಆ್ಯಪ್ ಇಷ್ಟನ್ನು ಸರಿಪಡಿಸಿಕೊಳ್ಳದಿರುವುದು ಸೋಮಾರಿತನವೇ ಹೊರತು ಅಸಾಧ್ಯತೆಯಲ್ಲ.

ಹೆಸರು ಹೊಂದಿದಲ್ಲಿ ಆದದ್ದು ಮತ್ತೊಂದು ಬಗೆಯ ಅನಾಹುತ. ಕೇರಳದಲ್ಲಿ ಸರ್ಕಾರಿ ಅರ್ಜಿಗಳಿಗೆಲ್ಲ ನಾವು ಹೋಗುವುದು ಅಕ್ಷಯ ಕೇಂದ್ರಕ್ಕೆ. ನನ್ನ ಫೋನಿನಲ್ಲಿ ಅದು ಬರಿಯ ‘ಅಕ್ಷಯ’. ಆ್ಯಪ್ ಅದಕ್ಕೆ ಬೈಕಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತ ಒಬ್ಬ ತರುಣನನ್ನು ತಂದು ಕೂರಿಸಿತು. ಒಂಬತ್ತು ಕೃಷ್ಣ ಭಟ್ಟರಲ್ಲಿ ನಾಲ್ವರಿಗೆ ಒಂದೇ ಮುಖ ಬಂತು, ಆ ಮುಖ ಒಂಬತ್ತರಲ್ಲಿ ಯಾರದೂ ಅಲ್ಲ. ಇನ್ನು ಸರಿಯಾದ ಮನುಷ್ಯನ ಸರಿಯಾದ ಡಿಪಿಯೇ ಬಂದಾಗಲೂ ಅದರಲ್ಲಿ ಮನುಷ್ಯ ಇರಬೇಕೆಂಬ ನಿಯಮವಿಲ್ಲವಷ್ಟೆ. ನಮ್ಮಲ್ಲಿ ಹಿರಿಯರು ಮಧೂರಿನ ಗಣಪತಿಯನ್ನು ಇಡುತ್ತಾರೆ, ಅಜ್ಜಂದಿರು ಮೊಮ್ಮಗುವನ್ನು ಇಡುತ್ತಾರೆ, ಯಕ್ಷಗಾನದ ಹುಚ್ಚಿರುವವರು ಕಿರೀಟ ವೇಷದಲ್ಲಿರುತ್ತಾರೆ, ಹುಡುಗರಲ್ಲಿ ಅರ್ಧಕ್ಕರ್ಧ ಜನ 2022ರ ವಿಶ್ವಕಪ್ಪಿನಿಂದ ಇವತ್ತಿನವರೆಗೂ ಮೆಸ್ಸಿಯಾಗಿಯೇ ಉಳಿದಿದ್ದಾರೆ. ಫೇಸ್‌ಬುಕ್ ತನ್ನ ಉತ್ತರದಲ್ಲಿ ‘ಈ ಚಿತ್ರ ಬರಿಯ ನೆರಳುಚಿತ್ರ, ಇವರು ಫೋಟೊ ಹಾಕಿಲ್ಲ’ ಎಂದು ತಿಳಿಸುವ ಗುರುತನ್ನು ಕಳುಹಿಸುತ್ತದೆ, ಆ ಗುರುತನ್ನು ಆ್ಯಪ್ ಸರಿಯಾಗಿ ಬಳಸಿಕೊಂಡಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಮೆಸ್ಸಿಯನ್ನು ಗುರುತಿಸಿ ಬಿಡುವ ಉಪಾಯವನ್ನು ಮಾತ್ರ ಯಾರೂ ಕಳುಹಿಸುವುದಿಲ್ಲ.

ಚಿತ್ರದ ಗುಣಮಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ವಿಟರ್ ಆಗಿದ್ದ ಕಾಲದಿಂದ ಎಕ್ಸ್‌ನಲ್ಲಿ ಮಾಮೂಲಾಗಿ ಸಿಗುವ ಪ್ರೊಫೈಲ್ ಚಿತ್ರ 48 ಪಿಕ್ಸೆಲ್ ಅಗಲದ್ದು. ಚಿತ್ರದ ವಿಳಾಸದ ಕೊನೆಯಲ್ಲಿರುವ ‘ನಾರ್ಮಲ್’ ಎಂಬ ಪದವನ್ನು ತೆಗೆದರೆ ಮೂಲ ಗಾತ್ರದ ಚಿತ್ರ ಸಿಗುತ್ತದೆ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಉಪಾಯ. ಗ್ರಾವಟಾರ್ ಕೇಳದಿದ್ದರೆ 80 ಪಿಕ್ಸೆಲ್ ಕೊಡುತ್ತದೆ, ಕೇಳಿದರೆ 2048ರವರೆಗೂ ಕೊಡುತ್ತದೆ. ಕೇಳದೆ ಬಂದ ಸಣ್ಣ ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿದರೆ ಮುಖ ಮಳೆಯಲ್ಲಿ ನೆನೆದ ರಟ್ಟಿನ ಗೊಂಬೆಯಂತೆ ಕಾಣುತ್ತದೆ. ಮೂರನೆಯ ತಿಂಗಳ ಹೊಸ ಆವೃತ್ತಿಯಲ್ಲಿ ಇದನ್ನು ಬಹುಮಟ್ಟಿಗೆ ಸರಿಪಡಿಸಿದ್ದಾರೆ.

ವಾಟ್ಸ್ಆ್ಯಪಿನ ಡಿಪಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಊರಿನಲ್ಲಿ ಎಲ್ಲರ ಮುಖವೂ ಇರುವುದು ಅಲ್ಲಿಯೇ. ಇತರರ ಡಿಪಿಯನ್ನು ಉಳಿಸಿಕೊಳ್ಳುವ ಅನುಕೂಲವನ್ನು ವಾಟ್ಸ್ಆ್ಯಪ್ 2019ರಲ್ಲಿ ತೆಗೆದುಹಾಕಿತು. 2024ರಲ್ಲಿ ಸ್ಕ್ರೀನ್‌ಶಾಟ್ ತೆಗೆಯುವುದನ್ನೂ ತಡೆಯಿತು. ಇದಕ್ಕೂ ಮೊದಲು, 2017ರಲ್ಲಿ, ಭಾರತದ ಹೆಣ್ಣುಮಕ್ಕಳ ಚಿತ್ರಗಳು ದುರ್ಬಳಕೆಯಾಗುತ್ತಿರುವುದನ್ನು ಗಮನಿಸಿ ಫೇಸ್‌ಬುಕ್ ಪ್ರೊಫೈಲ್ ಚಿತ್ರಕ್ಕೆ ಕಾವಲಿಡುವ ವ್ಯವಸ್ಥೆಯನ್ನು ನಮ್ಮ ದೇಶದಲ್ಲಿಯೇ ಮೊದಲಾಗಿ ಪ್ರಯೋಗಿಸಿತ್ತು. ಎರಡರ ಉದ್ದೇಶವೂ ಸ್ಪಷ್ಟವಿದೆ. ಆದರೂ ನಮ್ಮ ಆ್ಯಪ್‌ನಲ್ಲಿ ‘ಇನ್ನಷ್ಟು ಚಿತ್ರಗಳು’ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಆ್ಯಂಡ್ರಾಯ್ಡಿನ ಆ್ಯಕ್ಸೆಸಿಬಿಲಿಟಿ ಅನುಮತಿಯನ್ನು ಕೇಳುತ್ತದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವಂಥ ಸಾಧನಗಳಿಗಾಗಿ ಇರುವ ಅನುಮತಿ ಅದು. ಕೊಟ್ಟರೆ ಆ್ಯಪ್ ಇತರ ಆ್ಯಪ್‌ಗಳ ಪರದೆಯ ಮೇಲಿರುವುದನ್ನೂ ಓದಬಲ್ಲದು, ನಮ್ಮ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲದು. ಅದೇ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇದೆ. ನಾನು ಕೊಡಲಿಲ್ಲ, ಯಾರೂ ಕೊಡಬಾರದು.

ಇಷ್ಟರವರೆಗಿನದು ಕೆಲಸದಲ್ಲಿನ ಲೋಪ. ಇವನ್ನೆಲ್ಲ ಸಹಿಸಿಕೊಂಡು ನಾನು ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೆನೋ ಏನೋ. ಆರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ತಾಯಿ ಅಂಗಳದ ಕಡೆಗೆ ಬಂದು, “ಅಣ್ಣನ ಫೋನು ಬರ್ತಾ ಉಂಟು, ನೀನು ತೆಗಿ,” ಎಂದರು. ಅವರ ಅಣ್ಣ, ನನ್ನ ಸೋದರಮಾವ, ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಪರದೆಯ ತುಂಬ ಮಾವನ ಮುಖವಿತ್ತು. ಫೋನ್ ರಿಂಗಾಗುತ್ತಲೇ ಇತ್ತು. ಎತ್ತಿದಾಗ ಒಬ್ಬ ಹುಡುಗನ ದನಿ, “ಆರಾ?” ಎಂದು ಮಲಯಾಳದಲ್ಲಿ ಕೇಳಿತು.

ನಡೆದದ್ದು ಹೀಗೆ. ಬಳಕೆ ನಿಂತ ಮೊಬೈಲ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ಕನಿಷ್ಠ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಮಾವನ ಸಂಖ್ಯೆ ಹಾಗೆ ಕಣ್ಣೂರಿನ ಯಾರಿಗೋ ಹೋಗಿತ್ತು. ತಾಯಿ ‘ಅಣ್ಣ’ ಎಂಬ ಕಾಂಟ್ಯಾಕ್ಟನ್ನು ಅಳಿಸಲು ಬಿಟ್ಟಿರಲಿಲ್ಲ. ಅದರಲ್ಲಿ ಚಿತ್ರ ಇರಲಿಲ್ಲ. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಚಿತ್ರ ಬಂದದ್ದನ್ನು ಕಂಡು ಹತ್ತಿರದಿಂದ ನೋಡಲು ಮುಟ್ಟಿದ್ದಾರೆ, ಕರೆ ಹೋಗಿದೆ, ತಪ್ಪಿದ ಕರೆಯನ್ನು ಕಂಡು ಆ ಹುಡುಗ ತಿರುಗಿ ಮಾಡಿದ್ದಾನೆ. ಹುಡುಗನ ತಪ್ಪೇನೂ ಇಲ್ಲ. ಅವನಿಗೆ ವಿಷಯ ಹೇಳಿದಾಗ ಪಾಪ, ಅವನೇ ಎರಡು ಬಾರಿ ಕ್ಷಮೆ ಕೇಳಿದ.

ನನಗೆ ಉಳಿದ ಪ್ರಶ್ನೆ ಬೇರೆ. ಮಾವನಿಗೆ ಫೇಸ್‌ಬುಕ್ ಇರಲಿಲ್ಲ, ಜಿಮೇಲ್ ಇರಲಿಲ್ಲ, ಅವರ ಫೋನು ಗುಂಡಿಗಳಿದ್ದ ಹಳೆಯ ಫೋನು. ಸಾಮಾಜಿಕ ಜಾಲತಾಣಗಳಿಂದ ಚಿತ್ರ ತರುತ್ತೇನೆನ್ನುವ ಆ್ಯಪ್‌ಗೆ ಅವರ ಮುಖ ಎಲ್ಲಿ ಸಿಕ್ಕಿತು? ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಹಿನ್ನೆಲೆಯಲ್ಲಿ ಮದುವೆಯ ಚಪ್ಪರದ ತುದಿ ಕಂಡಿತು. ಮುಳ್ಳೇರಿಯದಲ್ಲಿ ನಡೆದ ಸಂಬಂಧಿಕರ ಮದುವೆಯದು. ಅಲ್ಲಿ ಆ ಚಿತ್ರವನ್ನು ತೆಗೆದವನು ನನ್ನ ಭಾವ. ಅವನಿಗೆ ಫೋನ್ ಮಾಡಿ ಕೇಳಿದೆ: ತೆಗೆದ ಚಿತ್ರವನ್ನು ತನ್ನ ಫೋನಿನಲ್ಲಿ ಮಾವನ ಹೆಸರಿಗೆ ಜೋಡಿಸಿಕೊಂಡಿದ್ದನಂತೆ, ಕಳೆದ ತಿಂಗಳಷ್ಟೇ ಇದೇ ಆ್ಯಪನ್ನು ಹಾಕಿಕೊಂಡಿದ್ದನಂತೆ. ಆಗ ಷರತ್ತುಗಳ ಪುಟವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ. ಬಳಕೆದಾರರ ಕಾಂಟ್ಯಾಕ್ಟ್‌ಗಳಲ್ಲಿ ಈಗಾಗಲೇ ಇರುವ ಚಿತ್ರಗಳನ್ನು ಸಂಖ್ಯೆಯ ಸಮೇತ ಸರ್ವರಿಗೆ ಒಯ್ದು, ಅದೇ ಸಂಖ್ಯೆಯಿರುವ ಇತರ ಬಳಕೆದಾರರಿಗೆ ಹಂಚುವ ‘ಸಮುದಾಯ ಸಂಗ್ರಹ’ ಎಂಬ ಏರ್ಪಾಡು ಅಲ್ಲಿ ಹದಿನೇಳನೆಯ ಅಂಶವಾಗಿ ಇತ್ತು, ಮೊದಲೇ ಟಿಕ್ ಆಗಿತ್ತು.

ಜಾಲತಾಣಗಳು ಬಾಗಿಲು ಹಾಕಿಕೊಂಡ ಮೇಲೆ ಈ ಆ್ಯಪ್ ಹಿತ್ತಿಲಿನಿಂದ ಬಂದು ನಮ್ಮನಮ್ಮ ಫೋನುಗಳಿಂದಲೇ ಮುಖಗಳನ್ನು ಎತ್ತಿಕೊಳ್ಳುತ್ತಿದೆ. ಅನುಮತಿಯ ಪ್ರಶ್ನೆಯನ್ನು ಆ್ಯಪ್ ನನಗೆ ಕೇಳಿತ್ತು, ಭಾವನಿಗೆ ಕೇಳಿತ್ತು. ಚಿತ್ರದಲ್ಲಿರುವವರಿಗೆ ಕೇಳುವ ದಾರಿಯೇ ಅದರಲ್ಲಿಲ್ಲ. ಆ್ಯಂಡ್ರಾಯ್ಡ್ 6 ಬಂದ 2015ರಿಂದ ಕಾಂಟ್ಯಾಕ್ಟ್ ಓದುವ ಅನುಮತಿಯನ್ನು ಬಳಸುವ ಹೊತ್ತಿಗೆ ಕೇಳಬೇಕಾಗಿದೆ ನಿಜ, ಆದರೆ ಆ ಒಂದು ‘ಸರಿ’ ಒತ್ತಿದಾಗ ಏಳುನೂರು ಜನರ ಪರವಾಗಿ ನಾನೊಬ್ಬನೇ ಒಪ್ಪಿಗೆ ಕೊಟ್ಟಂತಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಬಳಕೆಗಾಗಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಭಾವ ತನ್ನ ಫೋನಿನಲ್ಲಿ ಮಾವನ ಚಿತ್ರ ಇಟ್ಟುಕೊಂಡದ್ದು ಅಂಥದ್ದು. ಒಂದು ಕಂಪನಿ ಅದನ್ನು ಒಯ್ದು ಊರಿಗೆಲ್ಲ ಹಂಚುವುದು ಮನೆಬಳಕೆಯಲ್ಲ.

ಗ್ರಾಹಕ ಸೇವೆಗೆ ಬರೆದೆ. ಮೊದಲ ಉತ್ತರ ಯಂತ್ರದ್ದು, ಆ್ಯಪನ್ನು ಮತ್ತೊಮ್ಮೆ ಹಾಕಿಕೊಳ್ಳಿ ಎಂಬ ಸಲಹೆ. ಮೂರನೆಯ ಪತ್ರಕ್ಕೆ ಮನುಷ್ಯರೊಬ್ಬರು ಉತ್ತರಿಸಿ, ಆ ಸಂಖ್ಯೆಯ ಚಿತ್ರವನ್ನು ಸಂಗ್ರಹದಿಂದ ತೆಗೆದಿದ್ದೇವೆ ಎಂದು ತಿಳಿಸಿದರು. ತೆಗೆದದ್ದು ಹೌದು. ಆದರೆ ಫೋನಿಗೆ ಒಮ್ಮೆ ಪ್ರತಿಯಾಗಿ ಇಳಿದ ಚಿತ್ರ ಸರ್ವರಿನಲ್ಲಿ ಅಳಿಸಿದರೆ ಅಳಿಯುವುದಿಲ್ಲ, ತಾಯಿಯ ಫೋನಿನಿಂದ ಅದನ್ನು ನಾನೇ ತೆಗೆಯಬೇಕಾಗಿತ್ತು. ತೆಗೆಯಲು ತಾಯಿ ಬಿಡಲಿಲ್ಲ. ಸಂಖ್ಯೆಯನ್ನು ಅಳಿಸಿ, ಹೆಸರು ಮತ್ತು ಚಿತ್ರವನ್ನು ಮಾತ್ರ ಉಳಿಸಿಕೊಟ್ಟಿದ್ದೇನೆ.

ಬಳಸಲೇಬೇಕೆನ್ನುವವರು ಸಮುದಾಯ ಸಂಗ್ರಹದ ಟಿಕ್ ತೆಗೆದು, ಹೆಸರಿನ ಹುಡುಕಾಟವನ್ನು ನಿಲ್ಲಿಸಿ, ಗೂಗಲ್ ಮತ್ತು ಗ್ರಾವಟಾರ್ ಎರಡನ್ನೇ ಇಟ್ಟುಕೊಳ್ಳಲಿ. ಅಷ್ಟಕ್ಕೆ ಉಚಿತ ಆವೃತ್ತಿ ಸಾಕಾದೀತು. ನನ್ನ ಲೆಕ್ಕದಲ್ಲಿ ಇದಕ್ಕೆ ಐದರಲ್ಲಿ ಒಂದು ನಕ್ಷತ್ರ, ಅದೂ ಚಿತ್ರವನ್ನು ಕತ್ತರಿಸಿ ಹೊಂದಿಸುವ ಸಾಧನ ನಿಜವಾಗಿಯೂ ಚೆನ್ನಾಗಿದೆ ಎಂಬ ಕಾರಣಕ್ಕೆ. ಚಂದಾದ ನವೀಕರಣವನ್ನು ನಿಲ್ಲಿಸಿದ್ದೇನೆ.

ತಾಯಿಗೆ ನಿತ್ಯ ಕರೆ ಮಾಡುವವರು ಲೆಕ್ಕ ಹಾಕಿದರೆ ನಲವತ್ತು ಜನ. ಎರಡು ವಾರಗಳಿಂದ ಅವರು ಮನೆಗೆ ಬಂದಾಗ, ಇಲ್ಲವೇ ನಾನು ಅವರಲ್ಲಿಗೆ ಹೋದಾಗ, ಕೇಳಿ ಒಂದೊಂದು ಫೋಟೊ ತೆಗೆದು ಜೋಡಿಸುತ್ತಿದ್ದೇನೆ. ಸಹಕಾರಿ ಬ್ಯಾಂಕಿಗೆ ರಂಗೋಲಿಯನ್ನೇ ಉಳಿಸಿದ್ದೇನೆ. ಅಬ್ದುಲ್ಲ ಜೀಪಿನ ಪಕ್ಕದಲ್ಲಿ ನಿಂತೇ ತೆಗೆಯಬೇಕೆಂದರು, ತೆಗೆದೆ. ಶಾರದಕ್ಕ, ನಾಲ್ವರಲ್ಲಿ ನೀರ್ಚಾಲಿನವರು, ಈ ಸೀರೆಯಲ್ಲಿ ಬೇಡ, ಮುಂದಿನ ಸಲ ಬಾ ಎಂದಿದ್ದಾರೆ. ಅವರ ಜಾಗ ಇನ್ನೂ ಖಾಲಿ ಇದೆ.